ಆರು ಕರಾವು

ಲ್ಯಾಕ್ಟೋಮೀಟರ್ ಮುಳುಗುವಷ್ಟೇ ಮುಳುಗುತ್ತದೆ,
ಇಪ್ಪತ್ತೆಂಟರ ಗೆರೆಗೆ ಬಂದು ನಿಲ್ಲುತ್ತದೆ.
ನೀರು ಬೆರೆಸಿದರೆ ಹೇಳಿಬಿಡುತ್ತದೆ, ಚಾಡಿಕೋರನ ಹಾಗೆ.
ಸೂಜಿಮದ್ದಿನ ವಿಷಯಕ್ಕೆ ಮಾತ್ರ ಬಾಯಿ ಬಿಡದು.
ಹದಿನಾಲ್ಕು ವರ್ಷ ಈ ಡೈರಿಯ ಕಿಟಕಿಯೊಳಗೆ ಕೂತು
ಕ್ಯಾನು ಕ್ಯಾನಿನ ಬಾಯಿ ಮೂಸಿದವಳು ನಾನು;
ಮದ್ದಿಗೆ ವಾಸನೆಯಿಲ್ಲ, ಬಣ್ಣವಿಲ್ಲ.

ಹೊಂಬಾಳಮ್ಮನ ಸೀಮೆಹಸುವಿಗೆ ಕೆಚ್ಚಲುಬಾವು ಬಂದಿತ್ತು,
ಎಡಹಿಂದಿನ ಮೊಲೆ ಕಲ್ಲಾಗಿ, ಹಾಲು ಎಳೆ ಎಳೆಯಾಗಿ.
ಕೊಪ್ಪದಿಂದ ಬೈಕಿನಲ್ಲಿ ಬಂದ ಡಾಕ್ಟರು
ಕೊನೆಯ ಟ್ಯೂಬು ಏರಿಸಿ, ಕೈ ತೊಳೆದು, ಚೀಟಿ ಬರೆದರು:
ಎಪ್ಪತ್ತೆರಡು ಗಂಟೆ ಹಾಲು ಹಾಕುವಂತಿಲ್ಲ.
"ಗಂಟೆ ಲೆಕ್ಕ ನಂಗೆ ತಿಳೀದು ಸ್ವಾಮಿ, ಎಷ್ಟು ಕರಾವು ಯೋಳಿ."
ಆರು.
"ಕರುಗಾದ್ರೂ?"
ಕರುವಿಗೂ ಬೇಡ.
ಕೊಟ್ಟಿಗೆ ಗೋಡೆಗೆ, ಬೇರೆಯದೇ ಸಾಲಿನಲ್ಲಿ,
ಕರಾವಿಗೊಂದು ಬೆರಣಿ ತಟ್ಟುತ್ತ ಹೋದಳು.

ತಿಪ್ಪೆಯಾಚೆ ಗುಂಡಿ ತೋಡಿ ಬಿಂದಿಗೆ ಬಗ್ಗಿಸುವಾಗ
ಅತ್ತೆ ಚಿಕ್ಕಜವರಮ್ಮ ಜಗಲಿಯಿಂದಲೇ ಕೂಗಿದಳಂತೆ:
"ಹಾಲ ಬುಡೋದು ಹುತ್ತಕ್ಕೆ, ಇಲ್ಲ ಮೂರನೇ ದಿನ ಗುಡ್ಡೆಗೆ.
ಯಾರು ಸತ್ರು ಅಂತ ಎರಡೊತ್ತೂ ಹಾಲುತುಪ್ಪ ಬುಡ್ತಿದ್ದೀಯೆ?"
ಇವಳು ಏನಂದಳೋ. ಪಕ್ಕದ ಮನೆಗೂ ಕೇಳಿಸಲಿಲ್ಲವಂತೆ.

ಆದರೆ ಆರೂ ಹೊತ್ತು ಸಾಲಿಗೆ ಬಂದಳು
ಬರಿಯ ಕ್ಯಾನು ಹಿಡಿದು, ತನ್ನ ಜಾಗದಲ್ಲೇ,
ದ್ಯಾವೇಗೌಡರ ಹಿಂದೆ, ಸಣ್ಣಯ್ಯನ ಮುಂದೆ.
"ಸೊನ್ನೆ ಅಂತ ಬರಿ.
ಬಂದಿಲ್ಲ ಅಂತ ಬರೀಬ್ಯಾಡ."
ಸೊನ್ನೆ ಹೊಡೆದರೆ ಕಂಪ್ಯೂಟರು ಒಪ್ಪುವುದಿಲ್ಲ;
ಹಳೆಯ ಪುಸ್ತಕ ಹುಡುಕಿ ಧೂಳು ಕೊಡವಿ ಬರೆದೆ.
ಹಿಂದೆ ನಿಂತವರು ನಕ್ಕರು,
ಸೊನ್ನೆ ಅಳೆಸೋಕೆ ಪಾಳಿ ನಿಂತವಳೆ ನೋಡು ಎಂದು.
ನಾನು ನಗಲಿಲ್ಲ. ನಗುವ ಹಕ್ಕನ್ನು
ಹೋದ ಕಾರ್ತಿಕದಲ್ಲೇ ಕಳೆದುಕೊಂಡಿದ್ದೆ.

ಅಣ್ಣನ ಹಸು. ಅದೇ ಮದ್ದು. ಎರಡನೆಯ ಕರಾವು.
"ಕ್ಯಾನಿಗೆ ಬಿದ್ರೆ ಯಾರ್ದು ಯಾವ್ದೋ, ಬರ್ಕೊ" ಅಂದ.
ಆರೂವರೆ ಲೀಟರು, ಫ್ಯಾಟು ನಾಲ್ಕು ಒಂದು. ಬರೆದುಕೊಂಡೆ.
ಅದರಲ್ಲೇ ಅರ್ಧ ಲೀಟರು ಅಳೆದು ಮನೆಗೊಯ್ದು
ಕಾಯಿಸಿ, ಆರಿಸಿ, ಹೆಪ್ಪು ಹಾಕಿ ಮುಚ್ಚಿಟ್ಟೆ.
ಬೆಳಿಗ್ಗೆ ತಟ್ಟೆ ಸರಿಸಿದರೆ ಹಾಲು ಹಾಲಾಗಿಯೇ ಇತ್ತು.
ಮಧ್ಯಾಹ್ನವೂ.
ಒಲೆಯ ಮಗ್ಗುಲಿಗಿಟ್ಟೆ, ಇನ್ನೊಂದು ಚಮಚ ಹೆಪ್ಪು ಬಿಟ್ಟೆ;
ಹುಳಿಯಾಗದೆ, ಒಡೆಯದೆ, ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು.
ಅಷ್ಟರಲ್ಲಿ ಟ್ಯಾಂಕರು ಮದ್ದೂರು ದಾಟಿ ಎಷ್ಟೋ ಹೊತ್ತಾಗಿತ್ತು.
ಅಂಗನವಾಡಿಯ ಲೋಟಗಳನ್ನು ಆಮೇಲೆ ವಾರಗಟ್ಟಲೆ
ನೇರವಾಗಿ ನೋಡಲಾಗಲಿಲ್ಲ ನನಗೆ.

ಏಳನೆಯ ಕರಾವಿಗೆ ಚೀಟಿಯ ಗಡುವು ಮುಗಿದಿತ್ತು.
ಹೊಂಬಾಳಮ್ಮ ಆಗಲೂ ಸೊನ್ನೆಯನ್ನೇ ಬರೆಸಿದಳು.
ಎಂಟನೆಯದಕ್ಕೆ, ಸಂಜೆ, ತುಂಬಿದ ಕ್ಯಾನಿನ ಜೊತೆಗೆ
ಸೆರಗಿನ ಮರೆಯಿಂದ ಒಂದು ಸ್ಟೀಲು ಬಟ್ಟಲು ತೆಗೆದು
ಕಿಟಕಿಯೊಳಕ್ಕೆ ಚಾಚಿ, ಬೋರಲು ಹಿಡಿದಳು.
ಬೀಳಲಿಲ್ಲ ಮೊಸರು.
"ನೋಡ್ಕೊ ಟೆಸ್ಟ್ರಮ್ಮ."
ನಾನು ಕೇಳಿಯೇ ಇರಲಿಲ್ಲ.

ಲ್ಯಾಕ್ಟೋಮೀಟರ್ ಬಿಟ್ಟೆ. ಇಪ್ಪತ್ತೆಂಟು.
ಐದು ಲೀಟರು ಇನ್ನೂರು. ಕಂಪ್ಯೂಟರು ಒಪ್ಪಿತು.

ನಾಲ್ಕು ಜನ ಕಳೆದು ಅಣ್ಣನ ಪಾಳಿ ಬಂತು.
ಹಸು ಹೆಂಗದೆ, ಏನಾರ ಸೂಜಿ ಹಾಕ್ಸಿದ್ಯಾ ಅಂತ ಕೇಳಿದೆ,
ಮೊದಲ ಸಲ,
ಸಾಲಿನ ಕೊನೆಯವರಿಗೂ ಕೇಳುವ ಹಾಗೆ.