ಎಳೆಯ ತುದಿ

ಪೇಪರಿನವರು ಬಂದಿದ್ದರು ನಿನ್ನೆ ಶಿಡ್ಲಘಟ್ಟಕ್ಕೆ,
ಖೈರುನ್ನಿಸಾ ಮನೆ ಯಾವುದೆಂದು ಕೇಳಿಕೊಂಡು.
ಗೂಡಿನ ಮಾರ್ಕೆಟ್ಟಿನಲ್ಲಿ ಯಾರಿಗೂ ತಿಳಿಯಲಿಲ್ಲ.
ಎರಡು ಬೇಸಿನ್ನಿನ ಮಹಬೂಬ್ ಸಾಬರ ಕಿರಿಮಗಳು ಅಂದಮೇಲೆ
ತೂಕದ ಹುಡುಗನೇ ಕರೆತಂದ.

ಅವಳಿರಲಿಲ್ಲ. ನಾನಿದ್ದೆ.
ಬರೆದುಕೊಳ್ಳಿ, ಅಂದೆ:
ಒಂದು ಟೆಸ್ಟು, ಹದಿನಾಲ್ಕು ಒನ್‌ಡೇ,
ಹತ್ತೊಂಬತ್ತು ವಿಕೆಟ್ಟು.
ಅದರಲ್ಲಿ ನಾಲ್ಕು ಒಂದೇ ಮಧ್ಯಾಹ್ನ, ಸಮುದ್ರದಾಚೆ,
ಚಳಿಗೆ ಎರಡೆರಡು ಸ್ವೆಟರ್ ಹಾಕಿಕೊಂಡು,
ಎರಡೂ ಬೇರೆಯವರವು.
ಅಲ್ಲಿನ ಬೋರ್ಡಿನಲ್ಲಿ ಬರೆದದ್ದು ಕೆ. ನಿಶಾ.
ದಾಖಲೆಯಲ್ಲಿ ಇವತ್ತಿಗೂ ಅವಳು ನಿಶಾ.
ನಾಲ್ಕು ವಿಕೆಟ್ ಹೊತ್ತುಕೊಂಡು ಹೋದ ಆ ಹೆಂಗಸು
ಎಲ್ಲಾದರೂ ಸಿಕ್ಕರೆ
ಒಂದು ಟೀ ಕುಡಿಸಿ ಕೇಳಬೇಕು.

ಸ್ಪಿನ್ ಕಲಿಸಿದ್ದು ಯಾರು, ಅಂದರು.
ಬಿಸಿನೀರು, ಅಂದೆ.
ನಕ್ಕರು.

ಕುದಿವ ನೀರಲ್ಲಿ ಗೂಡು ತೇಲುತ್ತದೆ,
ಹಳದಿ, ನಮ್ಮ ಕಡೆಯ ಮಿಶ್ರತಳಿ.
ಮೈಮೇಲೆಲ್ಲೋ ಒಂದು ತುದಿ ಇರುತ್ತದೆ ಅದಕ್ಕೆ,
ಕಣ್ಣಿಗೆ ಕಾಣದ್ದು, ಬೆರಳಿಗೆ ಮಾತ್ರ ಗೊತ್ತಿರೋದು.
ಹಿಡಿದು ಮಣಿಕಟ್ಟನ್ನು ಹೀಗೆ, ಹೀಗೆ ನೋಡಿ,
ಒಳಗಿಂದ ಹೊರಕ್ಕೆ.
ಜೋರಾದರೆ ಹರಿಯಿತು. ಮೆತ್ತಗಾದರೆ ಜಾರಿತು.
ಏಳಕ್ಕೆಲ್ಲ ಬಂದುಬಿಟ್ಟಿತ್ತು ಅವಳಿಗೆ.
ಹನ್ನೊಂದಕ್ಕೆ, ಹೈಸ್ಕೂಲ್ ಮೈದಾನದ ಅಂಚಿನಲ್ಲಿ
ಹುಡುಗರ ಬಾಲನ್ನು ಎತ್ತಿ ಸುಮ್ಮನೆ ವಾಪಸು ಎಸೆದಳು;
ಅದು ನೆಲ ಮುಟ್ಟಿ
ಬೇರೆ ಬೀದಿಗೆ ಹೊರಟಿತು.
ಪಿ.ಟಿ. ಮೇಷ್ಟ್ರು ಮುನಿಶಾಮಪ್ಪನವರು
ಬಾಯಲ್ಲಿದ್ದ ಸೀಟಿ ಊದುವುದನ್ನೇ ಮರೆತರು.

ಸಂಜೆ ಮನೆಗೇ ಬಂದರು.
ಈ ಕೈಯ ನೀರಿಗೆ ಬಿಡಬೇಡಿ ಸಾಬರೇ,
ಬೆರಳ ತುದಿ ಸತ್ತರೆ ಬಾಲೂ ಸಾಯ್ತದೆ.
ಅಬ್ಬಾ ಏನೂ ಅನ್ನಲಿಲ್ಲ.
ಅವಳ ಮಣೆಯನ್ನು ಗೋಡೆಗೊರಗಿಸಿ
ಎರಡು ಬೇಸಿನ್ನಿನ ನಡುವೆ ನನ್ನನ್ನು ಕೂರಿಸಿದರು.

ಇದು ಬರೆಯಬೇಡಿ, ಅಂದೆ ಪೇಪರಿನವರಿಗೆ.

ಹೋದಳು. ರಿಸರ್ವೇಶನ್ ಇಲ್ಲದ ಬೋಗಿ,
ಎರಡು ರಾತ್ರಿ ಮೂರು ಹಗಲು, ಕಿಟ್ ಬ್ಯಾಗಿನ ಮೇಲೆ ತಲೆ.
ನಾಲ್ಕು ಜನಕ್ಕೊಂದು ಬ್ಯಾಟು,
ಯಾವುದೋ ಸ್ಕೂಲಿನ ನೆಲದ ಮೇಲೆ ಹಾಸಿಗೆ.
ಗೆದ್ದ ದಿನ ತಲೆಗೊಂದು ಸ್ಟೀಲ್ ಡಬ್ಬಿ ಬಹುಮಾನ.
ನೀವೀಗ ಕುಡಿದ ಟೀಯ ಸಕ್ಕರೆ
ಅದರಲ್ಲಿದ್ದದ್ದೇ.

ನಾನು ನೋಡಿದ್ದು ಒಂದೇ ಆಟ, ಬೆಂಗಳೂರಲ್ಲಿ.
ಜನ ಬಾಲು ನೋಡುತ್ತಿದ್ದರು,
ನಾನು ಕೈ ನೋಡಿದೆ.
ಪೂರಾ ಇತ್ತು ಚರ್ಮ, ಒಂದು ಬೊಬ್ಬೆಯಿಲ್ಲ.
ಸೆರಗಿನೊಳಗೇ ಚಪ್ಪಾಳೆ ತಟ್ಟಿದೆ.
ಎರಡು ಕ್ಯಾಚು ಬಿಟ್ಟಳು ಅವತ್ತು.
ಅದನ್ನ ಬೇಕಾದರೆ ಬರೆದುಕೊಳ್ಳಿ.

ಇಪ್ಪತ್ತೇಳಕ್ಕೆ ಭುಜ ಹೋಯಿತು.
ಕರೆದಾಗ ಪತ್ರ ಬರುತ್ತಿತ್ತು;
ಬೇಡವಾದಾಗ ಬರಲಿಲ್ಲ, ಅಷ್ಟೆ.
ಮೂರು ತಿಂಗಳು ಗೋಡೆಗೆ ಮುಖಮಾಡಿ ಮಲಗಿ
ಒಂದು ಬೆಳಿಗ್ಗೆ ಎದ್ದು ಬಂದು ಪಕ್ಕದಲ್ಲಿ
ಕುಕ್ಕರಗಾಲಲ್ಲಿ ಕೂತು
ಕೈ ಇಳಿಸಿದಳು ನೀರಿಗೆ.
ಫಟ್ಟನೆ ಹೊಡೆದೆ ಮಣಿಕಟ್ಟಿಗೆ.
ನೀರೂ ಕಾದಿದೆ, ನಾನೂ ಕಾದಿದ್ದೀನಿ ಹದಿನಾರು ವರ್ಷ,
ಇದಕ್ಕಾ?
ಇಬ್ಬರೂ ಅತ್ತೆವೋ, ಹೊಗೆಯೋ,
ಈಗ ನೆನಪಿಲ್ಲ.

ಅದೇ ಮೈದಾನದಲ್ಲಿದ್ದಾಳೆ ಈಗ, ಸಂಜೆ ಹೊತ್ತು,
ಹನ್ನೆರಡು ಹುಡುಗಿಯರ ಜೊತೆ.
ಗೂಗ್ಲಿ ಬಾರದವರನ್ನು
ಆಪಾ ಹತ್ತಿರ ಹೋಗಿ ಎಂದು ಇಲ್ಲಿಗಟ್ಟುತ್ತಾಳೆ.
ಬೇಯಿಸಿ ತಣಿಸಿದ ಗೂಡು ಕೊಡುತ್ತೇನೆ ಕೈಗೊಂದು,
ತುದಿ ಹುಡುಕ್ರೇ, ಅಂತ.
ಮೊನ್ನೆ ಒಬ್ಬಳು, ಶ್ರಾವಂತಿ,
ಚಿಂತಾಮಣಿ ಬಸ್ಸಿಗೆ ಹೊತ್ತಾಯಿತೆಂದು ಗೊಣಗುತ್ತಲೇ
ಕಣ್ಣು ಮುಚ್ಚಿದಳು.
ಸಿಕ್ಕಿತಾ, ಅಂದೆ.
ಮಾತಿಲ್ಲ.
ಬಸ್ಸು ಹಾರ್ನ್ ಹೊಡೆಯಿತು, ಹೋಯಿತು.
ಎರಡು ಬೆರಳ ಮಧ್ಯೆ ಎತ್ತಿ ಹಿಡಿದಳು, ನನ್ನ ಕಡೆಗೆ,
ಏನನ್ನೋ.
ಮುಟ್ಟಿ ನೋಡಿದೆ.
ನನ್ನ ಬೆರಳಿಗೆ ಅದೀಗ ಗೊತ್ತಾಗುವುದಿಲ್ಲ.
ಹೂಂ, ಅಂದೆ.