ಎರಡು ಮೂಟೆಗೆ ಕಮ್ಮಿ

ಹಿಟ್ಟು ತೂಗುವ ತಕ್ಕಡಿಯ ಮೇಲೆ
ಬೂಟು ಬಿಚ್ಚಿ ನಿಂತ ನನ್ನ ಗಂಡ ಮಲ್ಖಾಜ್.
ಎರಡು ಮೂಟೆ, ಮೇಲೆ ಹದಿನಾಲ್ಕು ಕಿಲೋ.
ಕೆಲಸದ ಹುಡುಗ ವಾಖೊ ಗೋಡೆಯ ಮೇಲೆ
ಸೀಮೆಸುಣ್ಣದಲ್ಲಿ ಬರೆದಿಟ್ಟ,
ಮಿಲ್ಲಿನಿಂದ ಸರಕು ಬಂದ ದಿನ ಬರೆಯುವ ಹಾಗೆ.

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದ್ದಳು:
ನಿಮ್ಮ ಲಿವರು ನಿಮ್ಮ ತಂಗಿಗೆ ಒಗ್ಗುತ್ತದೆ,
ಅರ್ಧ ಕೊಟ್ಟರೂ ಮತ್ತೆ ಬೆಳೆಯುತ್ತದೆ.
ಆದರೆ ಇಗೋ, ಈ ಬಿಳಿ ಬಿಳಿ, ಎಲ್ಲ ಕೊಬ್ಬು.
ನಾಲ್ಕು ತಿಂಗಳಲ್ಲಿ ಕರಗಿಸಿ ಬನ್ನಿ. ನೂರರ ಕೆಳಗೆ.

ಟ್ಬಿಲಿಸಿಯ ಬಸ್ಸಿನಲ್ಲಿ ಕೂತು ಇವನು ನಕ್ಕ.
ಹನ್ನೊಂದು ವರ್ಷದ ಹಿಂದೆ, ಅಮ್ಮನ ಮನೆ ಮಾರಿದ ದಿನ,
ಲಮಾರಾ ಬಾಗಿಲಲ್ಲಿ ನಿಂತು ಅಂದದ್ದೂ ಅದೇ ಮಾತು:
ನಿನಗೆ ಕೊಬ್ಬು.
ಅವಳು ಬರಿಗಣ್ಣಲ್ಲೇ ಕಂಡಿದ್ದಳು.

ಶುರುವಾಯಿತು.
ನಮ್ಮದು ಒಂಬತ್ತನೆಯ ಮಹಡಿ, ಲಿಫ್ಟಿಗೆ ಕಾಸು ಹಾಕಬೇಕು.
ಕಾಸನ್ನು ಉಪ್ಪಿನಕಾಯಿ ಜಾಡಿಗೆ ಹಾಕಿ
ಇವನು ಮೆಟ್ಟಿಲು ಹಿಡಿದ.
ಮೊದಲ ವಾರ, ನಾಲ್ಕನೆಯ ಮಹಡಿಯ ಮುದುಕಿ ತ್ಸಿಯಾಲಾ
ಸ್ಟೂಲು ತಂದು ಬಾಗಿಲಾಚೆ ಇಟ್ಟಳು.
ಐದನೆಯ ವಾರ ಒಳಗೆ ಎತ್ತಿಟ್ಟುಕೊಂಡಳು.

ಬೆಳಿಗ್ಗೆ ಬೇಯಿಸಿದ ಕೆಂಪು ಹುರುಳಿಕಾಳು, ಕೊತ್ತಂಬರಿ.
ಮಧ್ಯಾಹ್ನ ಸೌತೆ, ಟೊಮೇಟೊ, ಒಂದು ಮೊಟ್ಟೆ.
ಏಳರ ಮೇಲೆ ಬಾಯಿಗೆ ಬೀಗ.
ಚೀಸಿಲ್ಲ, ವೈನಿಲ್ಲ, ಅಕ್ರೋಟು ಲೆಕ್ಕ ಮಾಡಿ ಐದು.
ರೊಟ್ಟಿ ಇಲ್ಲ.
ದಿನಕ್ಕೆ ನಾನೂರು ರೊಟ್ಟಿ ಸುಡುವವನಿಗೆ ರೊಟ್ಟಿ ಇಲ್ಲ.

ಬಾವಿಯಂಥ ಒಲೆಯೊಳಕ್ಕೆ ಸೊಂಟದವರೆಗೆ ಬಗ್ಗಿ
ಗೋಡೆಗೆ ಹಿಟ್ಟು ಬಡಿದು ಮೇಲೇಳುತ್ತಾನೆ,
ಮುಖದ ತುಂಬ ಆ ಘಮ.
ಒಮ್ಮೆ ಬೆಳಗಿನ ನಾಲ್ಕಕ್ಕೆ ಸದ್ದಿಲ್ಲದೆ ಹಿಂದೆ ಬಂದೆ.
ರೊಟ್ಟಿಯ ಚೂಪು ತುದಿ ಮುರಿದು, ಮೂಗಿನ ಹತ್ತಿರ ಹಿಡಿದು
ಕಣ್ಣು ಮುಚ್ಚಿ ನಿಂತಿದ್ದ.
ಕಳ್ಳ, ಅಂದೆ.
ಮೂಸಿದ್ದಕ್ಕೆ ಎಷ್ಟು ಗ್ರಾಂ, ಅದನ್ನೂ ಬರೆದುಕೊ, ಅಂದ.

ನನ್ನ ಅಕ್ಕನ ಮಗನ ಮದುವೆಯಲ್ಲಿ ಇವನೇ ಮೇಜಿನ ಯಜಮಾನ,
ಸತ್ತವರಿಗೆ, ತಾಯಂದಿರಿಗೆ, ನೆಲಕ್ಕೆ ಮಾತು ಹೇಳಿ
ಕೊಂಬು ಎತ್ತಿ ಕುಡಿಯಬೇಕಾದವನು.
ಎತ್ತಿದ. ಒಳಗಿದ್ದದ್ದು ನೀರು.
ಭಾವ ನೋಡಿಬಿಟ್ಟ. ಇಡೀ ಮೇಜು ತಣ್ಣಗಾಯಿತು.
ಕಾರಣ ಹೇಳಿದ್ದರೆ ಎಲ್ಲರೂ ಎದ್ದು ಅಪ್ಪಿಕೊಳ್ಳುತ್ತಿದ್ದರು.
ಹೇಳಲಿಲ್ಲ.
ಕೊಡುವ ಮೊದಲೇ ಸಾರಿದರೆ ಅದು ಹಂಗಾಗುತ್ತದೆ, ಅಂದ,
ಮನೆಗೆ ಬರುವಾಗ, ಆರನೆಯ ಮಹಡಿಯಲ್ಲಿ, ಏದುಸಿರಿಲ್ಲದೆ.

ಲಮಾರಾ ಒಪ್ಪಿದ್ದು ಮಗಳ ಹಟಕ್ಕೆ. ಒಂದು ಫೋನಿಲ್ಲ.

ಆಗಸ್ಟಿನಲ್ಲಿ ತಕ್ಕಡಿ ಕಲ್ಲಾಯಿತು.
ನೂರಾ ಐದು. ಹದಿನೇಳು ದಿನ ನೂರಾ ಐದು.
ವಾಖೊ ಬರೆಯುವುದನ್ನೇ ಬಿಟ್ಟ, ಅದರ ಕೆಳಗೆ ಗೀಟು ಎಳೆಯುತ್ತಿದ್ದ.
ಇವನು ತಕ್ಕಡಿಗೆ ಒದ್ದ. ಕಾಲ್ಬೆರಳು ಊದಿತು.
ಅವತ್ತು ಕುಂಟುತ್ತ ಹತ್ತಿದ, ಇಳಿದ,
ಮತ್ತೆ ಹತ್ತಿದ.
ಜನ ಹೊಟ್ಟೆ ಬಾಯಿ ಕಟ್ಟಿ ಕೂಡಿಡುತ್ತಾರೆ.
ಇವನು ಹೊಟ್ಟೆ ಬಾಯಿ ಕಟ್ಟಿ
ಕಳೆಯುತ್ತಿದ್ದ.

ಅಕ್ಟೋಬರಿನ ಒಂದು ಸೋಮವಾರ ತೊಂಬತ್ತೆಂಟು.
ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬಂತು.
ವಾಖೊ ಎರಡು ಮೂಟೆ ತಂದು ತಕ್ಕಡಿಗೆ ಹಾಕಿ,
ಮೂಟೆಯೇ ದಪ್ಪ, ಎಂದು ತೀರ್ಪು ಕೊಟ್ಟ.
ಜಾಡಿಯ ಕಾಸೆಲ್ಲ ಸುರಿದು ಎಣಿಸಿದೆವು:
ಆಸ್ಪತ್ರೆಗೆ ಟ್ಯಾಕ್ಸಿ, ಹೋಗಲು ಮಾತ್ರ.

ಪರದೆಯ ಮೇಲೆ ಈ ಸಲ ಬಿಳಿ ಇರಲಿಲ್ಲ.

ವಾರ್ಡಿನ ಹೊರಗೆ ಗಾಲಿಕುರ್ಚಿಯಲ್ಲಿ ಲಮಾರಾ,
ಕಣ್ಣು ಅರಿಶಿನ, ಕೈ ಕಡ್ಡಿ.
ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು,
ಜೋತುಬಿದ್ದ ಕೋಟು, ಇಳಿದ ಕೆನ್ನೆ,
ಕಿರಿದಾದ ಕುತ್ತಿಗೆ.
ತುಟಿ ಅಲುಗಿತು.
ಹನ್ನೊಂದು ವರ್ಷದ ಮೇಲೆ ಮೊದಲ ಮಾತು,
ಅದೂ ನನ್ನ ಕಡೆ ತಿರುಗಿ:

ಏನೇ, ನಮ್ಮ ಹುಡುಗನಿಗೆ
ಹೊಟ್ಟೆಗೆ ಹಾಕುವುದಿಲ್ಲವೇನೇ ನೀನು?