ಮೂರನೇ ಖಾನೆ

ಗುಳೇದಗುಡ್ಡದಾಗ, ಮಗ್ಗದ ಮನಿ ಹಿಂದಿನ ಕೋಲಿ.
ಟೇಬಲ್ಲಿನ ಮ್ಯಾಲ ಲ್ಯಾಪ್‌ಟಾಪು, ಅದರ ಮಗ್ಗಲಕ
ತೂತು ಹೊಡೆದ ರಟ್ಟಿನ ಕಟ್ಟು,
ಚಿಗವ್ವ ನೀಲಗಂಗವ್ವ
ನಲವತ್ತು ವರ್ಷ ಹೊಡೆದ ತೂತು.

‘ಆನಿಹೆಜ್ಜಿ’ ಅಂತ ಬರದೆ. ಯಂತ್ರ
ಖರೇನ ಆನಿ ಕಾಲು ತೆಗೀತು,
ಉಗುರು ಸಹಿತ, ಕೆಸರು ಸಹಿತ.
ಚಿಗವ್ವ ನಕ್ಕು ನಕ್ಕು ಕೆಮ್ಮಿದಳು:
“ಪಾಪ, ಅದಕ್ಕ ಇನ್ನೂ ಯಾರೂ ಉಡಿ ತುಂಬಿಲ್ಲ.”

ತುಂಬಾಕ ಕುಂತೆ.
ಒಂದೊಂದು ಖಣ ಬಿಸಲಿಗೆ ಹಿಡಿದು ಫೋಟೋ,
ಒಂದೊಂದು ಚುಕ್ಕಿಗೆ ಹೆಸರು.
ನಡುವ ಹಾಲು ಉಕ್ಕಿತು, ಕರೆಂಟು ಹೋತು,
ಬೆಳಗಾವಿಯ ಹುಡುಗ ಫೋನ್ ಹಚ್ಚಿ
“ಡೇಟಾ ಸಾಫ್ ಐತಲ್ಲ ಮೇಡಂ?” ಅಂದ.

ಸಾಫ್ ಇರಲಿಲ್ಲ.
ಪ್ರತಿ ಖಣದಾಗ, ಅಂಚಿನಿಂದ ಮೂರು ಬೆರಳು ಒಳಗ
ಒಂದು ಎಳಿ ಜಿಗಿದಿತ್ತು.
ಸ್ಕ್ರೀನಿನ ಮ್ಯಾಲ ಎರಡೇ ಖಾನೆ: ಸರಿ. ತಪ್ಪು.
“ಯಾವುದರಾಗ ಹಾಕಲಿ?”

ಚಿಗವ್ವ ಬಹಳ ಹೊತ್ತು ನೋಡಿದಳು,
ಸ್ಕ್ರೀನನ್ನಲ್ಲ, ತನ್ನ ಹೆಬ್ಬೆರಳನ್ನ.
“ಅದು ನಾ ಬಿಟ್ಟದ್ದು.
ಖಣದ ಮ್ಯಾಲ ಸಾವಕಾರನ ಛಾಪಾ ಇರತೈತಿ.
ರಟ್ಟಿಗೆ ತೂತು ಹೊಡದಾಕಿ ಹೆಸರು
ಯಾರು ಕೇಳತಾರವಾ?”

ಆ ರಾತ್ರಿ ಹುಡುಗನ ಕೋಡು ಬಿಚ್ಚಿದೆ,
ಕುಬಸದ ಹೊಲಿಗಿ ಬಿಚ್ಚಿದಂಗ,
ಬಟ್ಟಿಗೆ ನೋವಾಗದಂಗ.
ಮೂರನೇದೊಂದು ಖಾನೆ ಕುಂದರಿಸಿದೆ:
ಬೇಕಂತ.

ಈಗ ಯಂತ್ರ ತೆಗೆಯೋ ಹೊಸ ಖಣದಾಗೂ,
ಯಾರೂ ಎಂದೂ ನೇಯದ ಖಣದಾಗೂ,
ಮೂರು ಬೆರಳು ಒಳಗ ಒಂದು ಎಳಿ ಜಿಗೀತೈತಿ.
“ಬಗ್ ಉಳದೈತಿ ಮೇಡಂ,” ಅಂತಾನ ಹುಡುಗ.
“ಪೆನ್ ಐತೇನೋ?
ಅದರ ಹೆಸರು ಬರಕೋ,” ಅಂತೀನಿ.